ಕಾಕಂಬಿಯಿಂದ ಇ20ವರೆಗೆ: ಮಂಡ್ಯದ ಗ್ಯಾರೇಜಿನಿಂದ ಕಂಡ ಇಂಧನದ ಇತಿಹಾಸ

ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸುವುದು ಮಂಡ್ಯಕ್ಕೆ ಹೊಸ ಸಂಗತಿಯಲ್ಲ. ಬಂಕಿನಲ್ಲಿ ‘ಇ20’ (ನೂರಕ್ಕೆ 20 ಭಾಗ ಸ್ಪಿರಿಟ್) ಚೀಟಿ ನೋಡಿ ಗಾಬರಿಯಿಂದ ನನ್ನ ಗ್ಯಾರೇಜಿಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದೇ. ಮೈಸೂರು ಸಂಸ್ಥಾನದ ಕಾಲದಲ್ಲೇ ನಮ್ಮೂರ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಪವರ್ ಆಲ್ಕೋಹಾಲ್ ತೆಗೆದು ಪೆಟ್ರೋಲಿಗೆ ಸೇರಿಸುತ್ತಿದ್ದರು. ಆಮೇಲೆ ಅದು ನಿಂತಿತು. ಸೀಸ ಬೆರೆಸಿದ ಪೆಟ್ರೋಲು ಬಂದು ದಶಕಗಟ್ಟಲೆ ಇದ್ದು ಹೋಯಿತು. ಡೀಸೆಲ್ ಕಾರು ಬಂತು, ಗ್ಯಾಸ್ ಕಿಟ್ ಬಂತು, ಈಗ ಮತ್ತೆ ಕಬ್ಬಿನ ಸರದಿ. ನಮ್ಮಪ್ಪನ ಕಾಲ, ನನ್ನ ಕಾಲ ಎರಡನ್ನೂ ಸೇರಿಸಿ ನೋಡಿದರೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಇಂಧನ ಬದಲಾದಾಗಲೆಲ್ಲ ಅದರ ಪೆಟ್ಟು ಮೊದಲು ಬಿದ್ದದ್ದು ಗ್ಯಾರೇಜಿನವರ ಮೇಲೆ, ಅದರ ತಿಳಿವಳಿಕೆ ಕೊನೆಗೆ ತಲುಪಿದ್ದೂ ಗ್ಯಾರೇಜಿನವರಿಗೆ. ಗಾಡಿ ರಿಪೇರಿಯ ಸುರಕ್ಷತೆಯ ನಿಯಮಗಳೆಂದು ನಾವು ಇವತ್ತು ಹೇಳುವ ಒಂದೊಂದು ಮಾತಿನ ಹಿಂದೆಯೂ ಯಾರೋ ಪಟ್ಟ ಪಾಡಿದೆ.

ಮಂಡ್ಯದ ಕತೆ ನೀರಿನಿಂದ ಶುರುವಾಗುತ್ತದೆ. ಕನ್ನಂಬಾಡಿ ಕಟ್ಟೆಯ ನಾಲೆ ಬಂದ ಮೇಲೆ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಕೃಷಿ ಇಲಾಖೆಯ ಡಾ. ಲೆಸ್ಲಿ ಕೋಲ್‌ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಏನು ಮಾಡುವುದು ಎಂಬುದು ಆಗ ಎಲ್ಲ ಸಕ್ಕರೆ ಕಾರ್ಖಾನೆಗಳ ತಲೆನೋವು. ಅದನ್ನು ಹುಳಿಬರಿಸಿ ಬಟ್ಟಿ ಇಳಿಸಿದರೆ ಸ್ಪಿರಿಟ್ ಬರುತ್ತದೆ. ಆದರೆ ಸಾಮಾನ್ಯ ಸ್ಪಿರಿಟ್‌ನಲ್ಲಿ ನೂರಕ್ಕೆ ಐದರಷ್ಟು ನೀರು ಉಳಿದಿರುತ್ತದೆ. ಅದನ್ನು ಹಾಗೇ ಪೆಟ್ರೋಲಿಗೆ ಸುರಿದರೆ ಬೆರೆಯುವುದಿಲ್ಲ, ನೀರು ಸ್ಪಿರಿಟ್ಟನ್ನು ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಆ ನೀರನ್ನೂ ತೆಗೆದು 99 ಭಾಗಕ್ಕಿಂತ ಹೆಚ್ಚು ಶುದ್ಧ ಮಾಡಿದರೆ ಮಾತ್ರ ಅದು ಪವರ್ ಆಲ್ಕೋಹಾಲ್. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಇಡೀ ದೇಶಕ್ಕೆ ಅನ್ವಯಿಸುವ ಪವರ್ ಆಲ್ಕೋಹಾಲ್ ಕಾಯಿದೆ ಬಂತು. ಆದರೆ ಪೆಟ್ರೋಲು ಅಗ್ಗವಾಗಿ ಸಿಗತೊಡಗಿದಾಗ, ಸ್ಪಿರಿಟ್‌ಗೆ ಸಾರಾಯಿಯಲ್ಲೂ ರಾಸಾಯನಿಕ ಕಾರ್ಖಾನೆಗಳಲ್ಲೂ ಹೆಚ್ಚು ಬೆಲೆ ಬಂದಾಗ, ಬೆರೆಸುವ ಪದ್ಧತಿ ತಾನಾಗಿ ಮೂಲೆ ಸೇರಿತು. 2000ದಲ್ಲಿ ಆ ಕಾಯಿದೆಯನ್ನೇ ರದ್ದುಮಾಡಿದರು.

ನಮ್ಮಪ್ಪ ಎರಡನೇ ಮಹಾಯುದ್ಧದ ಕಾಲದಲ್ಲಿ ಹುಡುಗನಾಗಿ ಗ್ಯಾರೇಜು ಸೇರಿದವರು. ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡು. ಅದರ ಯಜಮಾನರನ್ನು ಎಲ್ಲರೂ ದೊಡ್ಡ ಮೇಸ್ತ್ರಿ ಎನ್ನುತ್ತಿದ್ದರು. ಅವರು ಹೇಳಿಕೊಟ್ಟ ಮೊದಲ ಪಾಠ ಪೆಟ್ರೋಲ್ ಪಂಪಿನ ಕೆಳಗಿರುವ ಗಾಜಿನ ಬಟ್ಟಲು ನೋಡುವುದು. ಟ್ಯಾಂಕಿಗೆ ನೀರು ಸೇರಿದ್ದರೆ ಅದು ಆ ಬಟ್ಟಲ ತಳದಲ್ಲಿ ಗುಂಡಾಗಿ ನಿಂತಿರುತ್ತದೆ, ಮೇಲೆ ಪೆಟ್ರೋಲು ತೇಲುತ್ತಿರುತ್ತದೆ. ಬಟ್ಟಲು ಬಿಚ್ಚಿ, ನೀರು ಚೆಲ್ಲಿ, ಒರೆಸಿ, ಬೆಂಡಿನ ವಾಷರ್ ಸರಿಯಾಗಿ ಕೂತಿದೆಯೇ ನೋಡಿ ಮತ್ತೆ ಬಿಗಿಯಬೇಕು. ವಾಷರ್ ಸೋರಿದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲು ಹನಿಯುತ್ತದೆ. ಇಂಧನದಲ್ಲಿ ನೀರಿದೆಯೇ, ಇಂಧನ ಹೊರಗೆ ಸೋರುತ್ತಿದೆಯೇ: ಇವೆರಡು ಪ್ರಶ್ನೆಯಲ್ಲಿ ಅರ್ಧ ರಿಪೇರಿ ಮುಗಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಇಂಜೆಕ್ಷನ್ ಗಾಡಿಗಳ ಕಾಲದಲ್ಲೂ ನಾನು ಹುಡುಗರಿಗೆ ಕೇಳುವುದು ಅವೇ ಎರಡು ಪ್ರಶ್ನೆ.

1942ರಲ್ಲಿ ಬರ್ಮಾ ಜಪಾನೀಯರ ಪಾಲಾಗಿ ಅಲ್ಲಿನ ಎಣ್ಣೆಬಾವಿಗಳು ಕೈತಪ್ಪಿದ ಮೇಲೆ ಪೆಟ್ರೋಲಿಗೆ ಬರಗಾಲ ಬಂತು. ರೇಷನ್ ಕೂಪನ್ ಇದ್ದವರಿಗೂ ಸಾಕಷ್ಟು ಸಿಗುತ್ತಿರಲಿಲ್ಲ. ಆಗ ಓಡಿದ್ದು ಇದ್ದಿಲು ಬಸ್ಸುಗಳು. ಬಸ್ಸಿನ ಹಿಂದುಗಡೆ ಆಳೆತ್ತರದ ಕಬ್ಬಿಣದ ಡ್ರಮ್ಮು; ಅದರೊಳಗೆ ಇದ್ದಿಲು ತುಂಬಿ, ಕೆಳಗಿನಿಂದ ಕಿಚ್ಚು ಹಚ್ಚಿ, ಕೈಯಲ್ಲಿ ಫ್ಯಾನು ತಿರುಗಿಸಬೇಕು. ಇದ್ದಿಲು ಪೂರಾ ಉರಿಯದಂತೆ ಗಾಳಿಯನ್ನು ಅಳತೆಯಲ್ಲಿ ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನು ಸೋಸಿ, ತಣ್ಣಗೆ ಮಾಡಿ ಇಂಜಿನ್ನಿಗೆ ಕೊಟ್ಟರೆ ಬಸ್ಸು ಓಡುತ್ತದೆ. ಪೆಟ್ರೋಲಿನ ಕಸುವು ಅದಕ್ಕೆಲ್ಲಿ ಬರಬೇಕು? ಏರು ಬಂದಲ್ಲಿ ಜನ ಇಳಿದು ತಳ್ಳಬೇಕಿತ್ತು. ಬಸ್ಸು ಹೊರಡುವ ಎಷ್ಟೋ ಹೊತ್ತಿನ ಮುಂಚೆ ಎದ್ದು ಫ್ಯಾನು ತಿರುಗಿಸುವ ಕೆಲಸ ಗ್ಯಾರೇಜಿನ ಹುಡುಗರದ್ದು, ನಮ್ಮಪ್ಪನದ್ದು.

ಆ ಕಾರ್ಬನ್ ಮಾನಾಕ್ಸೈಡ್ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಎಚ್ಚರ ತಪ್ಪುವುದು. ಮಳೆಗಾಲದಲ್ಲಿ ಶೆಡ್ಡಿನ ಬಾಗಿಲು ಹಾಕಿಕೊಂಡು ಡ್ರಮ್ಮಿನ ಮುಂದೆ ಕೂತ ಹುಡುಗರಿಗೆ ತಲೆ ಸಿಡಿಯುತ್ತಿತ್ತಂತೆ. ದೊಡ್ಡ ಮೇಸ್ತ್ರಿಗೆ ಆ ಗಾಳಿಯ ಹೆಸರು ಗೊತ್ತಿರಲಿಲ್ಲ, ಅದರ ಗುಣ ಗೊತ್ತಿತ್ತು. “ಬಾಗ್ಲು ತಗೀರ್ಲಾ, ಉಸ್ರು ಕಟ್ಟಿ ಸತ್ತೋಯ್ತೀರ” ಎಂದು ಕೂಗುತ್ತಿದ್ದರಂತೆ. ಯುದ್ಧ ಮುಗಿದು ಇದ್ದಿಲು ಬಸ್ಸು ಹೋಯಿತು. ಆದರೆ ಪೆಟ್ರೋಲ್ ಇಂಜಿನ್ನಿನ ಹೊಗೆಯಲ್ಲೂ ಅದೇ ವಿಷ ಇರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಇಂಜಿನ್ ಚಾಲೂ ಇಟ್ಟು ಕೆಲಸ ಮಾಡಬಾರದು, ಎ.ಸಿ. ಹಾಕಿಕೊಂಡು ಮಲಗಬಾರದು. ದೊಡ್ಡ ಮೇಸ್ತ್ರಿಯ ಆ ಕೂಗು ಇವತ್ತಿಗೂ ನಮ್ಮ ಗ್ಯಾರೇಜಿನ ಮೊದಲ ನಿಯಮ.

ನಾನು ಕೆಲಸ ಕಲಿತದ್ದು ಎಪ್ಪತ್ತರ ದಶಕದಲ್ಲಿ. ಆಗ ನಮ್ಮಲ್ಲಿಗೆ ಬರುತ್ತಿದ್ದದ್ದು ಮೂರೇ ಜಾತಿ: ಅಂಬಾಸಿಡರ್, ಫಿಯೆಟ್, ಮಹೀಂದ್ರಾ ಜೀಪು. ಬ್ಯಾಟರಿ ಸೋತರೆ ಹ್ಯಾಂಡಲ್ ಹೊಡೆದೇ ಸ್ಟಾರ್ಟ್ ಮಾಡಬೇಕು. ಹ್ಯಾಂಡಲ್ ಹಿಡಿಯುವುದಕ್ಕೆ ಒಂದು ಕ್ರಮವಿದೆ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಕೈಯಾರೆ ಅಲ್ಲಾಡಿಸಿ ನೋಡಬೇಕು, ಹ್ಯಾಂಡ್ ಬ್ರೇಕ್ ಹಾಕಬೇಕು. ಆಮೇಲೆ ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು ಮೇಲಿನಿಂದ ಕೆಳಕ್ಕೆ ಅದುಮಬಾರದು. ಎಲ್ಲಕ್ಕಿಂತ ಮುಖ್ಯ ಹೆಬ್ಬೆರಳು. “ಹೆಬ್ಬೆಟ್ಟು ಸುತ್ತಾಕ್ಬ್ಯಾಡ ಕಣ್ಲಾ, ಬೆಟ್ಟುಗಳ ಜತೆಗೇ ಇಟ್ಕೋ” ಎಂದು ಅಪ್ಪ ನನ್ನ ಕೈ ಹಿಡಿದು ತೋರಿಸಿದ್ದರು. ಟೈಮಿಂಗ್ ಸ್ವಲ್ಪ ಮುಂದಿದ್ದರೆ ಪೆಟ್ರೋಲು ಬೇಗ ಹೊತ್ತಿಕೊಂಡು ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ತಿರುಗಿ ಬಂದು ಹೊಡೆಯುತ್ತದೆ. ಬೆರಳು ಸುತ್ತಿಕೊಂಡಿದ್ದವನ ಮಣಿಕಟ್ಟು ಮುರಿಯುತ್ತದೆ, ಸುತ್ತದೆ ಇದ್ದವನ ಕೈ ಬಿಟ್ಟುಹೋಗುತ್ತದೆ. ಆ ಕಾಲದ ಹಳೆಯ ಡ್ರೈವರುಗಳಲ್ಲಿ ಮಣಿಕಟ್ಟು ಸೊಟ್ಟಗಿದ್ದವರನ್ನು ನಾನೇ ನೋಡಿದ್ದೇನೆ.

ಸರಿಯಾದ ಇಂಧನ ಸರಿಯಾಗಿ ಉರಿಯುತ್ತಿದೆಯೇ ಎಂದು ತಿಳಿಯಲು ಆಗ ನಮಗಿದ್ದ ಯಂತ್ರವೆಂದರೆ ಪ್ಲಗ್ಗು. ಬೆಂಗಳೂರಿನ ಆಡುಗೋಡಿಯ ಮೈಕೋ ಪ್ಲಗ್ಗು ಪ್ರತಿ ಗ್ಯಾರೇಜಿನ ಡಬ್ಬಿಯಲ್ಲೂ ಇರುತ್ತಿತ್ತು. ಗಾಡಿಯನ್ನು ಒಂದಷ್ಟು ದೂರ ಓಡಿಸಿ ತಂದು, ಇಂಜಿನ್ ಆರಿಸಿ, ಪ್ಲಗ್ ಬಿಚ್ಚಿ ತುದಿ ನೋಡಬೇಕು. ಕಂದು ಬಿಸ್ಕತ್ತಿನ ಬಣ್ಣವಿದ್ದರೆ ಎಲ್ಲ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗಿ, ಗಾಳಿ ಕಮ್ಮಿಯಾಗಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದೆ ಇಂಜಿನ್ ಕಾಯುತ್ತಿದೆ. ಎಣ್ಣೆ ಜಿಡ್ಡಿದ್ದರೆ ರಿಂಗು ಸವೆದಿದೆ. ಏರಿನಲ್ಲಿ ಕಬ್ಬಿಣಕ್ಕೆ ಸುತ್ತಿಗೆ ಬಡಿದಂತೆ ಟಕಟಕ ಸದ್ದು ಬಂದರೆ ಅದು ನಾಕಿಂಗ್: ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ಪೂರಾ ಹರಡುವ ಮುಂಚೆಯೇ ಉಳಿದ ಪೆಟ್ರೋಲು ತಾನಾಗಿ ಸಿಡಿಯುತ್ತಿದೆ ಎಂದರ್ಥ. ಪಿಸ್ಟನ್ ತೂತಾಗುವವರೆಗೂ ಅದು ಬಿಡುವುದಿಲ್ಲ. ಆಕ್ಟೇನ್ ಸಂಖ್ಯೆ ಎಂದರೆ ಈ ಸಿಡಿತವನ್ನು ಪೆಟ್ರೋಲು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆ.

ಈ ನಾಕಿಂಗ್ ನಿಲ್ಲಿಸಲು ಹೊರಟವರ ಕತೆಯನ್ನು ಗ್ಯಾರೇಜಿನವರು ಪ್ರತಿಯೊಬ್ಬರೂ ತಿಳಿಯಬೇಕು. ಅಮೆರಿಕದ ಒಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಇದ್ದರು. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೂರಿಸಿ, ಹ್ಯಾಂಡಲಿನ ಪೆಟ್ಟಿನಿಂದ ಜಗತ್ತಿನ ಕೈಗಳನ್ನು ಉಳಿಸಿದವರು ಅವರೇ. ಜನರಲ್ ಮೋಟಾರ್ಸ್‌ಗಾಗಿ ಅವರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲಿ ಎಂಬವರು 1921ರ ಡಿಸೆಂಬರಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಸ್ವಲ್ಪವೇ ಸೇರಿಸಿದಾಗ ನಾಕಿಂಗ್ ನಿಂತುಹೋಯಿತು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ನಿಲ್ಲುತ್ತದೆ ಎಂದು ಮಿಡ್ಗ್ಲಿಗೆ ಅಷ್ಟರಲ್ಲೇ ಗೊತ್ತಿತ್ತು. ಆದರೆ ಆಲ್ಕೋಹಾಲ್ ಪಾಲು ಹೆಚ್ಚು ಬೇಕು, ಅದನ್ನು ಯಾವ ರೈತನಾದರೂ ತಯಾರಿಸಬಲ್ಲ. ಸೀಸ ಚೂರು ಸಾಕು, ಪೇಟೆಂಟ್ ಕಂಪನಿಯ ಕೈಯಲ್ಲೇ ಉಳಿಯುತ್ತದೆ. 1923ರ ಫೆಬ್ರವರಿಯಲ್ಲಿ ಡೇಟನ್ನಿನ ಒಂದು ಬಂಕಿನಲ್ಲಿ ಸೀಸದ ಪೆಟ್ರೋಲಿನ ಮಾರಾಟ ಶುರುವಾಯಿತು. ‘ಈಥೈಲ್’ ಎಂದು ಹೆಸರಿಟ್ಟು ಮಾರಿದರು. ಒಳಗೆ ಸೀಸವಿದೆಯೆಂದು ಗಿರಾಕಿಗೆ ಹೇಳಲಿಲ್ಲ.

ಅದು ವಿಷವೆಂದು ಮೊದಲು ತಿಳಿದದ್ದು ಕಾರ್ಮಿಕರ ಮೈಗೆ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದವರು ಒಬ್ಬೊಬ್ಬರಾಗಿ ಬುದ್ಧಿ ಭ್ರಮಣೆಯಾಗಿ ಬಿದ್ದರು. ಐವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆ ತಿಂಗಳ ಕೊನೆಯಲ್ಲಿ ಮಿಡ್ಗ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು, ಅದರ ಆವಿ ಮೂಸಿ, ಏನೂ ಆಗುವುದಿಲ್ಲ ಎಂದು ತೋರಿಸಿದರು. ಸೀಸದ ವಿಷದಿಂದ ಅವರು ಸ್ವತಃ ಆ ಮೊದಲೇ ಕಾಯಿಲೆ ಬಿದ್ದು ವಿಶ್ರಾಂತಿ ಪಡೆದು ಬಂದಿದ್ದರು. ಕಾರ್ಮಿಕರ ಆರೋಗ್ಯದ ತಜ್ಞೆ ಡಾ. ಆಲಿಸ್ ಹ್ಯಾಮಿಲ್ಟನ್ 1925ರಲ್ಲೇ ಸರ್ಕಾರಿ ಸಮಾವೇಶದಲ್ಲಿ ಇದರ ವಿರುದ್ಧ ಮಾತಾಡಿದರು. ಕಂಪನಿಗಳ ಮಾತು ಗೆದ್ದಿತು, ಸೀಸ ಜಗತ್ತಿನ ಎಲ್ಲ ರಸ್ತೆಗಳಿಗೂ ಹೊರಟಿತು.

ನಮ್ಮ ಗ್ಯಾರೇಜಿಗೂ ಬಂತು. ಬಣ್ಣ ಹಾಕಿದ ಆ ಪೆಟ್ರೋಲಿನಲ್ಲಿ ನಾವು ಕೈ ತೊಳೆಯುತ್ತಿದ್ದೆವು, ಏಕೆಂದರೆ ಗ್ರೀಸು ಅದರಲ್ಲಿ ಬೇಗ ಬಿಡುತ್ತದೆ. ಟ್ಯಾಂಕಿನಿಂದ ಪೆಟ್ರೋಲು ತೆಗೆಯಲು ರಬ್ಬರ್ ಪೈಪನ್ನು ಬಾಯಲ್ಲಿ ಕಚ್ಚಿ ಎಳೆಯುತ್ತಿದ್ದೆವು. ಅದು ಪ್ರತಿ ಹೆಲ್ಪರ್ ಕಲಿಯಬೇಕಾದ ಕೆಲಸವಾಗಿತ್ತು. ಒಂದು ಗುಟುಕು ಬಾಯಿಗೆ ಬರುವುದು ಮಾಮೂಲಿ. ಹಾಗೆ ಬಂದ ಪೆಟ್ರೋಲು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಹೆಚ್ಚು ಅಪಾಯ. ತೆಳ್ಳಗಿನ ದ್ರವವಾದ್ದರಿಂದ ಕೆಮ್ಮಿದಾಗ ಸಲೀಸಾಗಿ ಒಳಗಿಳಿದು ನ್ಯುಮೋನಿಯಾ ತರುತ್ತದೆ. ಅದಕ್ಕೇ ಪೆಟ್ರೋಲು ನುಂಗಿದವರಿಗೆ ವಾಂತಿ ಮಾಡಿಸಬಾರದು, ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಇದು ಯಾವ ಪೆಟ್ರೋಲಿಗೂ ಸಲ್ಲುವ ಮಾತು. ಸೀಸದ ಪೆಟ್ರೋಲಿಗೆ ಇನ್ನೊಂದು ಗುಣವಿತ್ತು: ಆ ಸಂಯುಕ್ತ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಮಿಡ್ಗ್ಲಿ ಪತ್ರಕರ್ತರ ಮುಂದೆ ಒಮ್ಮೆ ಮಾಡಿದ್ದನ್ನು ಲಕ್ಷಾಂತರ ಗ್ಯಾರೇಜ್ ಹುಡುಗರು ಪ್ರತಿ ಸಂಜೆ ಮಾಡಿದರು. ನಮ್ಮ ಯಾರ ರಕ್ತದಲ್ಲಿ ಎಷ್ಟು ಸೀಸವಿದೆಯೆಂದು ಯಾರೂ ಅಳೆಯಲಿಲ್ಲ.

ಕೊನೆಗೂ ಅಳೆದವರು ಬೆಂಗಳೂರಿನವರು ಎಂಬುದು ನನಗೆ ಹೆಮ್ಮೆಯ ವಿಷಯ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ, ಮುಖ್ಯವಾಗಿ ಮಕ್ಕಳ, ರಕ್ತ ಪರೀಕ್ಷೆ ಮಾಡಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕೆ ಹೆಗಲು ಕೊಟ್ಟರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿ ಸೀಸವಿತ್ತು. 1999ರಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅತ್ತ ಸುಪ್ರೀಂ ಕೋರ್ಟಿನಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಿಂದಾಗಿ 1995ರ ಏಪ್ರಿಲ್ 1ರಿಂದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು ಸಿಗತೊಡಗಿತ್ತು. ಅಲ್ಲಿ ಮಾರುವ ಹೊಸ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿತ್ತು. ಸೀಸ ತಗುಲಿದರೆ ಆ ಕನ್ವರ್ಟರ್ ಕೆಡುತ್ತದೆ. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅದನ್ನು ನಿಲ್ಲಿಸಿದ್ದು ಅಲ್ಜೀರಿಯ, 2021ರಲ್ಲಿ. ಡೇಟನ್ನಿನ ಆ ಬಂಕಿನಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನೂರು ವರ್ಷ.

ಸೀಸ ಹೋದದ್ದು ಮನುಷ್ಯರಿಗೆ ಒಳ್ಳೆಯದಾಯಿತು. ಹಳೆಯ ಇಂಜಿನ್ನುಗಳಿಗೆ ಮಾತ್ರ ಒಂದು ಕಷ್ಟ ಬಂತು. ಉರಿದ ಸೀಸ ಎಕ್ಸಾಸ್ಟ್ ವಾಲ್ವಿಗೂ ಅದರ ಸೀಟಿಗೂ ನಡುವೆ ತೆಳ್ಳಗೆ ಲೇಪವಾಗಿ ಕೂತು ಸವೆತ ತಡೆಯುತ್ತಿತ್ತು. ಅದು ಇಲ್ಲವಾದಾಗ ಅಂಬಾಸಿಡರ್, ಜೀಪುಗಳ ಮೆತುವಾದ ಸೀಟುಗಳು ಒಳಕ್ಕೆ ಸವೆಯತೊಡಗಿದವು. ಟ್ಯಾಪೆಟ್ ಅಂತರ ಬಿಗಿಯಾಗಿ, ವಾಲ್ವ್ ಪೂರಾ ಮುಚ್ಚದೆ, ಕಂಪ್ರೆಷನ್ ಸೋರಿ ಗಾಡಿ ಬಳಲುತ್ತಿತ್ತು. ಇದಕ್ಕೆ ಪರಿಹಾರ ಹೆಡ್ಡು ಇಳಿಸಿ, ಲೇತಿಗೆ ಒಯ್ದು, ಗಟ್ಟಿ ಲೋಹದ ಸೀಟು ರಿಂಗುಗಳನ್ನು ಕೂರಿಸುವುದು. ಇದನ್ನು ನಮಗೆ ಯಾವ ಕಂಪನಿಯೂ ಬಂದು ಹೇಳಲಿಲ್ಲ. ಒಂದೇ ತರಹದ ದೂರಿನ ಗಾಡಿಗಳು ಸಾಲಾಗಿ ಬಂದಾಗ, ಮೈಸೂರಿನ ಒಬ್ಬ ಲೇತ್ ಮೇಸ್ತ್ರಿಯ ಜೊತೆ ಕೂತು ನಾವೇ ಕಾರಣ ಹುಡುಕಿಕೊಂಡೆವು. ಅಷ್ಟರಲ್ಲಿ ಎಷ್ಟೋ ಬಾಡಿಗೆ ಡ್ರೈವರುಗಳು ಕಾರ್ಬ್ಯುರೇಟರ್ ಬದಲಿಸಿ, ಪ್ಲಗ್ ಬದಲಿಸಿ ದುಡ್ಡು ಕಳೆದುಕೊಂಡಿದ್ದರು.

ಇಂಧನದ ಆಯ್ಕೆ ಕೆಲವೊಮ್ಮೆ ನಮ್ಮ ಕೈಯಲ್ಲೇ ಇರುವುದಿಲ್ಲ. ರೇಷನ್ನಿನ ಸೀಮೆಎಣ್ಣೆಗೂ ಪೆಟ್ರೋಲಿಗೂ ಇದ್ದ ಬೆಲೆಯ ಅಂತರವೇ ಕಲಬೆರಕೆಯ ಬೇರು. ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಿದರು, ಗುರುತಿನ ರಾಸಾಯನಿಕ ಸೇರಿಸಿದರು. ಬಣ್ಣ ತೆಗೆಯುವ ದಾರಿಯನ್ನೂ ಕಳ್ಳರು ಕಂಡುಕೊಂಡರು. ಕಲಬೆರಕೆ ಪೆಟ್ರೋಲು ಕುಡಿದ ಗಾಡಿ ನಾಕ್ ಹೊಡೆಯುತ್ತದೆ, ಹೊಗೆ ಉಗುಳುತ್ತದೆ, ಇಂಜಿನ್ ಆಯಿಲ್ ತೆಳ್ಳಗಾಗಿ ಬೇರಿಂಗು ತಿನ್ನುತ್ತದೆ. ಇದನ್ನು ತಡೆಯಹೋದ ಕನ್ನಡನಾಡಿನ ಹುಡುಗನೊಬ್ಬ ಪ್ರಾಣ ತೆತ್ತ. ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಮಂಜುನಾಥ್ ಷಣ್ಮುಗಂ, ಇಂಡಿಯನ್ ಆಯಿಲ್ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕನ್ನು ಸೀಲ್ ಮಾಡಿಸಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಅವರಿಗೆ ಆಗ 27 ವರ್ಷ. ಬಂಕಿನಲ್ಲಿ ಫಿಲ್ಟರ್ ಕಾಗದ ಕೇಳಿ, ನಾಜಲ್ ತುದಿ ಒರೆಸಿ ಒಂದು ಹನಿ ಬಿಡಿಸಿ ನೋಡುವ ಹಕ್ಕು ಪ್ರತಿ ಗಿರಾಕಿಗೂ ಇದೆ. ಒಳ್ಳೆಯ ಪೆಟ್ರೋಲು ಒಂದೆರಡು ನಿಮಿಷದಲ್ಲಿ ಕಲೆ ಉಳಿಸದೆ ಆರಿಹೋಗುತ್ತದೆ. ಕೇಳಲು ಸಂಕೋಚಪಡುವವರಿಗೆ ನಾನು ಮಂಜುನಾಥರ ಹೆಸರು ಹೇಳುತ್ತೇನೆ.

ತೊಂಬತ್ತರ ದಶಕದಲ್ಲೇ ಇನ್ನೊಂದು ಅಪಾಯ ಓಡಾಡುತ್ತಿತ್ತು: ಆಮ್ನಿ ವ್ಯಾನಿನ ಹಿಂಬದಿಯಲ್ಲಿ ಅಡುಗೆ ಮನೆಯ ಸಿಲಿಂಡರ್. ಮೋಟಾರು ವಾಹನ ಕಾಯಿದೆಗೆ 2000ದಲ್ಲಿ ತಿದ್ದುಪಡಿಯಾಗಿ ಗ್ಯಾಸ್ ಕಿಟ್ ಕಾನೂನುಬದ್ಧವಾಯಿತು. ಆದರೆ ಅದಕ್ಕೆ ಗಾಡಿಗೆಂದೇ ಮಾಡಿದ ಟ್ಯಾಂಕ್ ಬೇಕು, ಪ್ರಮಾಣಪತ್ರ ಬೇಕು, ಬಂಕಿನಲ್ಲೇ ತುಂಬಿಸಬೇಕು. ಮನೆಯ ಸಿಲಿಂಡರಿನಿಂದ ಪಂಪು ಹಾಕಿ ಗಾಡಿಗೆ ತುಂಬುವ ಚಾಳಿ ಮಾತ್ರ ಪೂರ್ತಿ ಹೋಗಿಲ್ಲ. ಎಲ್.ಪಿ.ಜಿ. ಆಗಲಿ, ಪೆಟ್ರೋಲಿನ ಆವಿಯಾಗಲಿ ಗಾಳಿಗಿಂತ ಭಾರ. ಸೋರಿದ್ದು ಮೇಲೆ ಹೋಗುವುದಿಲ್ಲ. ನೆಲದ ಮೇಲೆ ಹರಿದು ತಗ್ಗಿನಲ್ಲಿ, ಗ್ಯಾರೇಜಿನ ಪಿಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ನಿಂತವನಿಗೆ ವಾಸನೆ ಬಾರದಿರಬಹುದು, ಪಿಟ್ಟಿಗಿಳಿದು ಬಲ್ಬಿನ ಸ್ವಿಚ್ ಒತ್ತಿದವನು ಸುಟ್ಟುಕೊಳ್ಳುತ್ತಾನೆ. ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಇದಕ್ಕೆ ತದ್ವಿರುದ್ಧ. ಅದು ಮೇಲೇರಿ ಚಾವಣಿಯ ಕೆಳಗೆ ನಿಲ್ಲುತ್ತದೆ. ಅದು ಹೊತ್ತಿಕೊಳ್ಳಲೂ ಒಂದು ಕಿಡಿ ಸಾಕು. ಹಾಗಾಗಿ ನಮ್ಮಲ್ಲಿ ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಕೂರಿಸುವಾಗ ಕೊನೆಗೆ ನೆಗೆಟಿವ್. ಹೀಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಬರೀ ಜಾಕ್ ನಂಬಿ ಯಾರೂ ಗಾಡಿಯ ಅಡಿಗೆ ಹೋಗುವಂತಿಲ್ಲ. ಚಕ್ರಕ್ಕೆ ಕಲ್ಲು, ಚಾಸಿಗೆ ಸ್ಟ್ಯಾಂಡು ಕೊಡಲೇಬೇಕು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವಂತಿಲ್ಲ. ಇವೆಲ್ಲ ಹೆಲ್ಪರ್ ಸೇರಿದ ದಿನವೇ ಹೇಳುವ ಮಾತುಗಳು.

ಈಗ ಇ20ಗೆ ಬರೋಣ. 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ನೂರಕ್ಕೆ 5ರಂತೆ ಎಥನಾಲ್, ಅಂದರೆ ಅದೇ ಸ್ಪಿರಿಟ್, ಬೆರೆಸುವ ಯೋಜನೆ ಶುರುವಾಯಿತು. 2022ರ ಹೊತ್ತಿಗೆ ಅದು ನೂರಕ್ಕೆ 10 ಮುಟ್ಟಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿಯವರು ಇ20ಯನ್ನು ಬಿಡುಗಡೆ ಮಾಡಿದರು. ಮೊದಲಿಗೆ 84 ಬಂಕುಗಳು, ಈಗ ಹೆಚ್ಚೂಕಡಿಮೆ ಎಲ್ಲೆಡೆ. ಕಬ್ಬು ಬೆಳೆಯುವ ಊರಿನವನಾಗಿ ಇದರಿಂದ ರೈತನಿಗೆ ನಾಲ್ಕು ಕಾಸು ಬರಲಿ ಎಂಬ ಆಸೆ ನನಗಿದೆ. ಗ್ಯಾರೇಜಿನವನಾಗಿ ನನಗೆ ಗೊತ್ತಿರುವುದನ್ನೂ ಹೇಳಬೇಕು.

ಎಥನಾಲಿನ ಆಕ್ಟೇನ್ ಹೆಚ್ಚು. ನಾಕಿಂಗ್ ತಡೆಯುವ ಕೆಲಸವನ್ನು ಅದು ಸೀಸದ ವಿಷವಿಲ್ಲದೆ ಮಾಡುತ್ತದೆ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಆದ್ದರಿಂದ ಮೈಲೇಜ್ ಕಡಿಮೆಯಾಗುತ್ತದೆ. ನೀತಿ ಆಯೋಗವೇ 2021ರ ವರದಿಯಲ್ಲಿ, ಎಥನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸ ಮಾಡಿ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ಗಾಡಿಗಳಲ್ಲಿ ಶೇಕಡ 6–7, ಇ10ಕ್ಕೆಂದೇ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದವುಗಳಲ್ಲಿ ಶೇಕಡ 1–2 ಇಳಿಕೆಯ ಅಂದಾಜು ಕೊಟ್ಟಿದೆ. ಎಥನಾಲ್ ನೀರು ಹೀರುತ್ತದೆ; ದೊಡ್ಡ ಮೇಸ್ತ್ರಿಯ ಗಾಜಿನ ಬಟ್ಟಲಿನ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಕಿಲುಬನ್ನೂ ಕೊಳೆಯನ್ನೂ ಅದು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಅದಕ್ಕೆಂದು ಮಾಡದ ಹಳೆಯ ರಬ್ಬರ್ ಪೈಪು, ವಾಷರ್, ಡಯಾಫ್ರಂಗಳು ಉಬ್ಬಿ ಬಿರುಕುಬಿಡುತ್ತವೆ.

ಆದ್ದರಿಂದ ಗಿರಾಕಿಗಳಿಗೆ ನಾನು ಹೇಳುವುದು ಇಷ್ಟು. ಟ್ಯಾಂಕಿನ ಮುಚ್ಚಳದ ಒಳಗಿನ ಚೀಟಿ, ಗಾಡಿಯ ಪುಸ್ತಕ ಎರಡನ್ನೂ ಓದಿ; ನಿಮ್ಮ ಗಾಡಿ ಇ5, ಇ10, ಇ20 ಯಾವುದಕ್ಕೆ ತಯಾರಾದದ್ದು ತಿಳಿದುಕೊಳ್ಳಿ. ಹಳೆಯ ಗಾಡಿಯಾದರೆ ಪೆಟ್ರೋಲ್ ಫಿಲ್ಟರನ್ನು ಮಾಮೂಲಿಗಿಂತ ಬೇಗ ಬದಲಿಸಿ, ರಬ್ಬರ್ ಪೈಪುಗಳನ್ನು ಬೆರಳಲ್ಲಿ ಒತ್ತಿ ಬಾಗಿಸಿ ನೋಡಿ. ಒಡಕು ಕಂಡರೆ, ಮೆತ್ತಗೆ ಅಂಟಂಟಾಗಿದ್ದರೆ, ಬೆಳಗ್ಗೆ ಗಾಡಿಯ ಹತ್ತಿರ ಪೆಟ್ರೋಲಿನ ವಾಸನೆ ಬಂದರೆ ಕೀಲಿ ತಿರುಗಿಸದೆ ಮೆಕ್ಯಾನಿಕ್ಕನ್ನು ಕರೆಯಿರಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಬಿಡಬೇಡಿ. ಪುಸ್ತಕದಲ್ಲಿ 91 ಆಕ್ಟೇನ್ ಎಂದಿದ್ದರೆ ದುಬಾರಿ 100 ಆಕ್ಟೇನ್ ಹಾಕಿಸಿದ್ದರಿಂದ ಇಂಜಿನ್ನಿಗೆ ಹೊಸ ಕಸುವು ಬರುವುದಿಲ್ಲ. ಡೀಸೆಲ್ ಗಾಡಿಗೆ ಅಚಾತುರ್ಯದಿಂದ ಪೆಟ್ರೋಲು ಬಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಕೀಲಿಯನ್ನೂ ಹಾಕಬೇಡಿ. ಪಂಪಿಗೂ ಇಂಜೆಕ್ಟರಿಗೂ ಜಾರಿಕೆ ಕೊಡುವುದು ಡೀಸೆಲ್ಲೇ, ಪೆಟ್ರೋಲು ಅದನ್ನು ತೊಳೆದುಬಿಡುತ್ತದೆ. ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿದರೆ ಸಾವಿರಗಳಲ್ಲಿ ಮುಗಿಯುತ್ತದೆ, ಓಡಿಸಿದರೆ ಲಕ್ಷ ಮುಟ್ಟಬಹುದು.

ಗ್ಯಾರೇಜಿನ ಬಾಗಿಲಿಗೆ ಈಗ ಕರೆಂಟಿನ ಗಾಡಿಯೂ ಬಂದು ನಿಂತಿದೆ. ಅದರೊಳಗೆ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ನೂರಾರು ವೋಲ್ಟಿನ ವಿದ್ಯುತ್ ಎಂದರ್ಥ. ತರಬೇತಿಯಿಲ್ಲದವರು ಮುಟ್ಟಿದರೆ ಬದುಕುವ ಭರವಸೆಯಿಲ್ಲ. ದೊಡ್ಡ ವರ್ಕ್‌ಷಾಪುಗಳಲ್ಲಿ ಇದನ್ನು ಕಲಿಸುತ್ತಾರೆ. ಆದರೆ ಈ ನಾಡಿನ ಹಳೆಯ ಗಾಡಿಗಳು, ಅಪಘಾತದ ಗಾಡಿಗಳು, ವಾರಂಟಿ ಮುಗಿದ ಗಾಡಿಗಳು ಬರುವುದು ನಮ್ಮಂಥ ರಸ್ತೆಬದಿಯ ಶೆಡ್ಡುಗಳಿಗೆ. ಇದ್ದಿಲಿನ ಹೊಗೆಯನ್ನು ನಮ್ಮಪ್ಪನ ತಲೆಮಾರು ಮೈಯಲ್ಲಿ ಅನುಭವಿಸಿ ತಿಳಿಯಿತು, ಸೀಸವನ್ನು ನನ್ನ ತಲೆಮಾರು ಹಾಗೇ ತಿಳಿಯಿತು. ಮುಂದಿನವರು ಕರೆಂಟನ್ನು ಹಾಗೆ ಕಲಿಯುವಂತಾಗಬಾರದು. ಹೊಸ ಇಂಧನ ಬಂಕಿಗೆ ಬರುವ ಮುಂಚೆ, ಹೊಸ ಗಾಡಿ ರಸ್ತೆಗಿಳಿಯುವ ಮುಂಚೆ, ಅದನ್ನು ತರುವ ಸರ್ಕಾರವೂ ಕಂಪನಿಗಳೂ ಅದರ ಅಪಾಯವೇನು, ಅದನ್ನು ಹೇಗೆ ಮುಟ್ಟಬೇಕು, ಹೇಗೆ ಮುಟ್ಟಬಾರದು ಎಂಬುದನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ತಾಲೂಕಿನ ಮೆಕ್ಯಾನಿಕ್ಕರನ್ನು ಕರೆದು ಕಲಿಸಬೇಕು. ಪ್ರತಿ ಬಂಕಿನಲ್ಲಿ ಎಷ್ಟು ಎಥನಾಲ್ ಬೆರೆಸಿದೆ ಎಂದು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯಿಸಬೇಕು. ಇದು ದಾನವಲ್ಲ. ಎಂಬತ್ತು ವರ್ಷದಿಂದ ಈ ದೇಶದ ಗಾಡಿಗಳನ್ನು ಓಡುವಂತೆ ಇಟ್ಟವರಿಗೆ ಸಲ್ಲಬೇಕಾದ ಬಾಕಿ.